‘ಕುಡೋಸ್’ ಎಂಬ ಹೊಗಳಿಕೆಯೂ ಶ್ರಾವಕನ ನಾಲಿಗೆಯೂ

ಸಮಾಜದ ಸಭೆ ಸಮಾರಂಭಗಳಲ್ಲಿ ಒಂದು ಇಂಗ್ಲಿಷ್ ಪದವು ಈಚೆಗೆ ಮತ್ತೆ ಮತ್ತೆ ಕಿವಿಗೆ ಬೀಳುತ್ತಿದೆ. ಬಸದಿಯ ಜೀರ್ಣೋದ್ಧಾರಕ್ಕೆ ಹಣ ಕೊಟ್ಟವರಿಗೆ ‘ಕುಡೋಸ್’, ದಶಲಕ್ಷಣ ಪರ್ವದಲ್ಲಿ ಉಪವಾಸ ಕೈಗೊಂಡ ಬಾಲಕನಿಗೆ ‘ಕುಡೋಸ್’, ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದ ಹುಡುಗಿಗೆ ‘ಕುಡೋಸ್’, ಶಾಮಿಯಾನ ಹಾಕಿಸಿದ ಯುವಕ ಸಂಘಕ್ಕೂ ಅದೇ ‘ಕುಡೋಸ್’. ಕಾರ್ಯಕ್ರಮ ನಿರೂಪಕರ ಬಾಯಿಂದ ಹೊರಟ ಈ ಪದ ಸ್ಮರಣ ಸಂಚಿಕೆಗಳ ಪುಟಗಳನ್ನು ಸೇರಿದೆ. ಮೊಬೈಲಿನ ಸಂದೇಶಗಳಲ್ಲಂತೂ ಮೂರು ಜೋಡಿಸಿದ ಕೈಗಳ ಚಿತ್ರದೊಡನೆ ಬೆಳಗಿನಿಂದ ರಾತ್ರಿಯವರೆಗೆ ಸಂಚರಿಸುತ್ತಿದೆ. ಹೇಳುವವರಿಗೆ ಅದರಿಂದ ಖರ್ಚಿಲ್ಲ, ಕೇಳುವವರಿಗೆ ಹಿತವಾಗಿದೆ. ಹೀಗಿರುವಾಗ ಅದನ್ನು ಕುರಿತು ತಕರಾರು ಮಾಡುವುದೇಕೆ ಎಂದು ಕೇಳುವವರು ಅನೇಕರಿದ್ದಾರೆ.

ಪದವು ಪರಭಾಷೆಯದು ಎಂಬುದು ಇಲ್ಲಿಯ ಆಕ್ಷೇಪವಲ್ಲ. ಮೆಚ್ಚುಗೆ ಸೂಚಿಸಲು ಕನ್ನಡಿಗರು ನಿತ್ಯವೂ ಬಳಸುವ ‘ಶಹಬ್ಬಾಸ್’ ಎಂಬುದು ಪಾರಸಿ ಭಾಷೆಯಿಂದ ಬಂದುದು. ‘ಪ್ರಶಂಸೆ’, ‘ಶ್ಲಾಘನೆ’ಗಳು ಸಂಸ್ಕೃತದಿಂದ ಬಂದವು. ಬಂದ ಪದಗಳು ಮನೆಯವಾಗಿ ಉಳಿದುಕೊಂಡಿವೆ, ಅದರಲ್ಲಿ ಯಾರಿಗೂ ನಷ್ಟವಿಲ್ಲ. ಆಕ್ಷೇಪವಿರುವುದು ಬೇರೆಡೆಯಲ್ಲಿ. ಹೊಗಳುವುದೂ ಒಂದು ಕ್ರಿಯೆ, ಅದಕ್ಕೂ ಕರ್ಮಾಸ್ರವವುಂಟು ಎಂಬ ಮಾತನ್ನು ಜೈನ ಆಚಾರ್ಯರಷ್ಟು ನಿಷ್ಠುರವಾಗಿ ಹೇಳಿದವರು ವಿರಳ. ಆ ಆಚಾರ್ಯರ ಹೆಸರು ಹೇಳಿಕೊಳ್ಳುವ ಸಮಾಜವೇ, ಯಾರನ್ನು, ಯಾವ ಕಾರ್ಯಕ್ಕಾಗಿ, ಎಷ್ಟರಮಟ್ಟಿಗೆ ಎಂಬ ವಿಚಾರವನ್ನೆಲ್ಲ ಬದಿಗಿಟ್ಟು ಹೊಗಳಿಕೆಯನ್ನು ಪ್ರಸಾದದ ಕಡಲೆಯಂತೆ ಹಂಚತೊಡಗಿದೆ. ‘ಕುಡೋಸ್’ ಎಂಬ ಪದ ಈ ಚಾಳಿಯನ್ನು ಹುಟ್ಟಿಸಲಿಲ್ಲ, ನಿಜ. ಆದರೆ ಅದಕ್ಕೆ ಇಷ್ಟು ಚೆನ್ನಾಗಿ ಹೊಂದಿಕೊಂಡ ಪದ ಇನ್ನೊಂದಿಲ್ಲವಾದ್ದರಿಂದ ಅದರ ಕುಲಗೋತ್ರವನ್ನು ಸ್ವಲ್ಪ ವಿಚಾರಿಸಬೇಕಾಗಿದೆ.

ಮೂಲತಃ ಇದು ಗ್ರೀಕ್ ಶಬ್ದ. ‘ಕೂದೊಸ್’ ಎಂದು ದೀರ್ಘ ಊಕಾರದಿಂದ ಉಚ್ಚರಿಸಲ್ಪಡುತ್ತಿದ್ದ ನಪುಂಸಕಲಿಂಗದ ಏಕವಚನ ನಾಮಪದ. ಕೀರ್ತಿ, ಮಹಿಮೆ, ಅದರಲ್ಲೂ ವಿಶೇಷವಾಗಿ ರಣರಂಗದಲ್ಲಿ ಲಭಿಸುವ ಮಹಿಮೆ ಎಂಬುದು ಅದರ ಅರ್ಥ. ಹೋಮರನ ‘ಇಲಿಯಡ್’ ಕಾವ್ಯದಲ್ಲಿ ಇದು ಪದೇ ಪದೇ ಬರುತ್ತದೆ. ಅಲ್ಲಿ ಅದು ಬಹುಮಟ್ಟಿಗೆ ದೇವತೆಗಳ ಕೈಯಲ್ಲಿರುವ ವಸ್ತು. ಸ್ಯೂಸ್ ದೇವನು ಯುದ್ಧದ ನಡುವೆ ಒಮ್ಮೆ ಈ ಪಕ್ಷದವನಿಗೂ ಒಮ್ಮೆ ಆ ಪಕ್ಷದವನಿಗೂ ಅದನ್ನು ದಯಪಾಲಿಸುತ್ತಾನೆ. ಫ್ರೆಂಚ್ ಭಾಷಾವಿಜ್ಞಾನಿ ಎಮಿಲ್ ಬೆನ್ವೆನಿಸ್ತ್ 1969ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಕೂದೊಸ್ ಎಂಬುದು ಬರಿಯ ಕೀರ್ತಿಯಲ್ಲ, ಜಯವನ್ನು ತಂದುಕೊಡುವ ಒಂದು ಬಗೆಯ ಮಾಂತ್ರಿಕ ಶಕ್ತಿಯೆಂದು ವಾದಿಸಿದ್ದಾರೆ. ಅದನ್ನು ಪಡೆದವನ ಮುಂದೆ ಎದುರಾಳಿ ನಿಲ್ಲಲಾರ.

ಗ್ರೀಕರಲ್ಲಿ ಕೀರ್ತಿಗೆ ಇನ್ನೊಂದು ಶಬ್ದವಿತ್ತು: ‘ಕ್ಲೆಯೊಸ್’. ಕೇಳಿಬರುವುದು, ಜನರ ಕಿವಿಗಳಲ್ಲಿ ಉಳಿಯುವುದು ಎಂದು ಅದರ ಭಾವ. ಸಂಸ್ಕೃತದ ‘ಶ್ರವಸ್’, ‘ಶ್ರುತ’ಗಳು ಅದೇ ಧಾತುವಿನ ಬಂಧುಗಳು, ‘ಶ್ರಾವಕ’ ಎಂಬ ಪದವೂ ಆ ಕುಟುಂಬದ್ದೇ. (ಶ್ರವಣಬೆಳಗೊಳದ ‘ಶ್ರವಣ’ ಮಾತ್ರ ಈ ಕುಟುಂಬಕ್ಕೆ ಸೇರಿದುದಲ್ಲ, ಅದು ‘ಶ್ರಮಣ’ ಶಬ್ದದ ರೂಪಾಂತರ.) ಗ್ರೀಕ್ ವೀರನು ತನ್ನ ಹೆಸರು ಪರರ ಕಿವಿಗೆ ಬೀಳಲೆಂದು ಪ್ರಾಣ ಕೊಟ್ಟ. ಶ್ರಾವಕನಾದರೋ ಜಿನವಾಣಿ ತನ್ನ ಕಿವಿಗೆ ಬೀಳಲೆಂದು ಕುಳಿತವನು. ಇಂದಿನ ಸಭೆಗಳಲ್ಲಿ ಮುಂದಿನ ಸಾಲಿನ ಕುರ್ಚಿಗಳಲ್ಲಿ ಕುಳಿತವರು ಈ ಇಬ್ಬರಲ್ಲಿ ಯಾರನ್ನು ಹೆಚ್ಚು ಹೋಲುತ್ತಾರೆ ಎಂಬುದನ್ನು ಓದುಗರ ವಿವೇಚನೆಗೆ ಬಿಡಬಹುದು.

‘ಇಲಿಯಡ್’ ಕಾವ್ಯದ ಎರಡು ಸ್ಥಳಗಳನ್ನು ಇಲ್ಲಿ ನೆನೆಯಲೇಬೇಕು. ಇಪ್ಪತ್ತೆರಡನೆಯ ಸರ್ಗದಲ್ಲಿ ಅಖಿಲೀಸನು ಟ್ರಾಯ್ ನಗರದ ಹೆಕ್ಟರನನ್ನು ಕೊಂದು, ಮಹತ್ತಾದ ಕೂದೊಸ್ ತಮಗೆ ದಕ್ಕಿತೆಂದು ತನ್ನವರಿಗೆ ಸಾರುತ್ತಾನೆ. ಆ ಮಾತು ಮುಗಿದ ಕೂಡಲೆ ಅವನು ಮಾಡುವ ಕೆಲಸವೆಂದರೆ ಸತ್ತವನ ಹಿಮ್ಮಡಿಗಳನ್ನು ತೂತು ಮಾಡಿ, ತೊಗಲ ಪಟ್ಟಿ ಪೋಣಿಸಿ, ಶವವನ್ನು ರಥದ ಹಿಂದೆ ಕಟ್ಟಿ ಧೂಳಿನಲ್ಲಿ ಎಳೆದೊಯ್ಯುವುದು. ಮಗನ ಈ ಗತಿಯನ್ನು ತಂದೆತಾಯಿಗಳು ಕೋಟೆಯ ಮೇಲಿನಿಂದ ನೋಡುತ್ತಾರೆ. ಕಾರ್ಯಕ್ರಮ ನಿರೂಪಕರು ಮಕ್ಕಳ ಕೈಗೆ ಕೊಡುತ್ತಿರುವ ಪದದ ಹಳೆಯ ಮನೆ ಇದು.

ಇನ್ನೊಂದು ಸ್ಥಳ ಕಾವ್ಯದ ಕೊನೆಯ ಸರ್ಗದಲ್ಲಿದೆ. ಹೆಕ್ಟರನ ಶವವನ್ನು ಅಖಿಲೀಸನಿಗೆ ತಿಳಿಯದಂತೆ ಕದ್ದೊಯ್ಯಬೇಕೆಂದು ಕೆಲವು ದೇವತೆಗಳು ಸೂಚಿಸುತ್ತಾರೆ. ಸ್ಯೂಸ್ ಒಪ್ಪುವುದಿಲ್ಲ. ಶವವನ್ನು ವೃದ್ಧ ತಂದೆ ಪ್ರಿಯಾಮನಿಗೆ ಅಖಿಲೀಸನೇ ಒಪ್ಪಿಸಲಿ, ಆ ಕೂದೊಸ್ ಅವನಿಗೆ ಸಲ್ಲಲಿ ಎನ್ನುತ್ತಾನೆ. ಕೊಂದುದಕ್ಕೆ ಬಳಸಿದ ಪದವನ್ನೇ ಕವಿಯು ಹಿಂತಿರುಗಿಸುವುದಕ್ಕೂ ಬಳಸಿದ್ದಾನೆ. ಅಹಿಂಸೆಯ ಹೆಸರನ್ನೂ ಕೇಳದ ಆ ಯುದ್ಧಕಾವ್ಯದಲ್ಲಿ ಕೂಡ, ಮಹಿಮೆಯು ಗೆದ್ದ ಕೈಯಿಂದ ಬಿಟ್ಟುಕೊಟ್ಟ ಕೈಗೆ ಜಾರುವ ಆ ಒಂದು ಗಳಿಗೆ ಬರುತ್ತದೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಗೆದ್ದ ಬಾಹುಬಲಿಯು ಅಣ್ಣನನ್ನು ನೆಲಕ್ಕೆ ಅಪ್ಪಳಿಸದೆ ಇಳಿಸಿ ರಾಜ್ಯವನ್ನು ಬಿಟ್ಟು ನಡೆದ ಕಥೆಯನ್ನು ಬಾಲ್ಯದಿಂದ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಭಾರವಿದ್ದ ಪದವು ಹಗುರವಾದುದು ಇಂಗ್ಲಿಷರ ಕೈಯಲ್ಲಿ. ಇಂಗ್ಲೆಂಡಿನ ವಿಶ್ವವಿದ್ಯಾಲಯಗಳಲ್ಲಿ ಗ್ರೀಕ್ ಓದುತ್ತಿದ್ದ ಶ್ರೀಮಂತರ ಮಕ್ಕಳು 18ನೆಯ ಶತಮಾನದ ಕೊನೆಯ ಮತ್ತು 19ನೆಯ ಶತಮಾನದ ಮೊದಲ ದಶಕಗಳಲ್ಲಿ ಅದನ್ನು ತಮ್ಮತಮ್ಮೊಳಗಿನ ಹಾಸ್ಯದ ಆಡುಮಾತಾಗಿ ಬಳಸತೊಡಗಿದರು. ಹೋಮರನ ವೀರರಿಗೆ ಸಲ್ಲುವ ಮಹಿಮೆಯನ್ನು ಪಂದ್ಯ ಗೆದ್ದ ಸಹಪಾಠಿಗೆ ಅಂಟಿಸುವುದರಲ್ಲಿ ಒಂದು ಲೇವಡಿಯಿತ್ತು. 20ನೆಯ ಶತಮಾನದಲ್ಲಿ, ಮುಖ್ಯವಾಗಿ 1920ರ ದಶಕದ ಅಮೆರಿಕೆಯ ಪತ್ರಿಕೆಗಳಲ್ಲಿ, ಲೇವಡಿ ಕಳಚಿಹೋಗಿ ಪದ ಮಾತ್ರ ಉಳಿಯಿತು. ‘ಟೈಮ್’ ವಾರಪತ್ರಿಕೆಯು ವಿಶ್ವವಿದ್ಯಾಲಯಗಳು ಹಂಚುವ ಗೌರವ ಪದವಿಗಳ ಸುದ್ದಿಗೆ ಇದನ್ನೇ ಶೀರ್ಷಿಕೆಯಾಗಿಸಿ ಪದಕ್ಕೆ ಬಹಳ ಪ್ರಚಾರ ಕೊಟ್ಟಿತು. ಒಬ್ಬನಿಗಿರುವ ಪ್ರತಿಷ್ಠೆ ಎಂಬ ಅರ್ಥ ಹಿಂದೆ ಸರಿದು, ಇತರರು ಅವನಿಗೆ ನೀಡುವ ಹೊಗಳಿಕೆ ಎಂಬ ಅರ್ಥ ಮುಂದೆ ಬಂತು.

ಅಲ್ಲಿಂದ ಮುಂದೆ ನಡೆದುದು ವಿನೋದಕರವಾಗಿದೆ. ಪದದ ಕೊನೆಯಲ್ಲಿರುವ ಸಕಾರವು ಗ್ರೀಕಿನಲ್ಲಿ ಪ್ರಕೃತಿಗೆ ಸೇರಿದುದು. ಇಂಗ್ಲಿಷಿನಲ್ಲಿ ಸಕಾರ ಬಹುವಚನದ ಗುರುತು. ಆದ್ದರಿಂದ ಜನರು ‘ಕುಡೋಸ್’ ಎಂದರೆ ಅನೇಕ ಹೊಗಳಿಕೆಗಳು ಎಂದು ತಿಳಿದರು. ಅನೇಕವಿದ್ದ ಮೇಲೆ ಒಂದಿರಲೇಬೇಕಲ್ಲ ಎಂದು ‘ಕುಡೋ’ ಎಂಬ ಏಕವಚನವನ್ನೂ ಹುಟ್ಟಿಸಿದರು. ಬಟಾಣಿಗೆ ಮೊದಲು ‘ಪೀಸ್’ ಎಂದೇ ಇದ್ದ ಇಂಗ್ಲಿಷ್ ಪದ ‘ಪೀ’ ಆದದ್ದೂ ಇದೇ ದಾರಿಯಲ್ಲಿ. ಇಂಗ್ಲಿಷ್ ವೈಯಾಕರಣರು ಇಂದಿಗೂ ‘ಕುಡೋ’ವನ್ನು ಕಂಡರೆ ಹುಬ್ಬು ಗಂಟಿಕ್ಕುತ್ತಾರೆ. ವ್ಯಾಕರಣದ ಜಗಳ ಅವರಿಗಿರಲಿ. ಒಬ್ಬನಿಗೆ ಒಂದು ಸಲ ದೊರೆತರೆ ದೊರೆಯಿತು ಎಂಬಂತಿದ್ದ ವಸ್ತುವು ರಾಶಿಯಲ್ಲಿ ಎತ್ತಿ ಸುರಿಯಬಹುದಾದ ಸರಕಾಯಿತು. ಧರ್ಮವಿಚಾರಕ್ಕೆ ಸಂಬಂಧಪಟ್ಟುದು ಅಷ್ಟು.

ಇನ್ನು ವಾಕ್ಯರಚನೆಯನ್ನು ನೋಡಬೇಕು. ಇಂಥವರಿಗೆ ‘ಕುಡೋಸ್’ ಎಂದರೆ ಮುಗಿಯಿತು. ಆ ವಾಕ್ಯದಲ್ಲಿ ಕ್ರಿಯಾಪದವಿಲ್ಲ, ಕರ್ತೃವಿಲ್ಲ. ಹೊಗಳಿದವರು ಯಾರು, ಏನನ್ನು ಕಂಡು ಹೊಗಳಿದರು ಎಂಬುದು ತಿಳಿಯುವುದಿಲ್ಲ. ಕನ್ನಡದಲ್ಲಿ ಹಾಗಲ್ಲ. ‘ಮೆಚ್ಚಿದೆನು’ ಎಂದರೆ ಮೆಚ್ಚಿದವನು ಪ್ರತ್ಯಯದಲ್ಲಿಯೇ ಸಿಕ್ಕಿಬೀಳುತ್ತಾನೆ, ತಪ್ಪಿಸಿಕೊಳ್ಳಲು ದಾರಿಯಿಲ್ಲ. ಹಿಂದೆ ಮೆಚ್ಚುವುದೆಂದರೆ ಕೈಯಿಂದ ಏನನ್ನಾದರೂ ಬಿಡಬೇಕಾದ ಕೆಲಸವೂ ಆಗಿತ್ತು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. 949-50ರ ಶಾಸನವು ಇದಕ್ಕೆ ಸಾಕ್ಷಿ. ತಕ್ಕೋಲದ ಯುದ್ಧದಲ್ಲಿ ತೋರಿದ ಪರಾಕ್ರಮಕ್ಕೆ ಒಡೆಯನು ಮೆಚ್ಚಿ ಬೇಕಾದುದನ್ನು ಬೇಡೆಂದಾಗ, ಮಣಲೆರನು ‘ಕಾಳಿ’ ಎಂಬ ನಾಯಿಯನ್ನು ಬೇಡಿ ಪಡೆದ. ಆ ನಾಯಿ ಮುಂದೆ ಕಾಡುಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕಾಗಿ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಕಾಲದ ಹಿಂಸೆಯನ್ನು ಇಲ್ಲಿ ಸಮರ್ಥಿಸುತ್ತಿಲ್ಲ. ಮೆಚ್ಚಿದವನು ಕಳೆದುಕೊಳ್ಳಲು ಸಿದ್ಧನಿದ್ದನೆಂಬುದಷ್ಟೇ ಗಮನಿಸತಕ್ಕದ್ದು.

ಈಗ ಆಗಮದ ಮಾತಿಗೆ ಬರೋಣ. ಉಮಾಸ್ವಾಮಿಗಳ ‘ತತ್ತ್ವಾರ್ಥಸೂತ್ರ’ದ ಆರನೆಯ ಅಧ್ಯಾಯವು ಆಸ್ರವವನ್ನು ವಿವರಿಸುವಾಗ, ಜೀವವು ಆಧಾರವಾಗಿ ಮಾಡುವ ಕ್ರಿಯೆಗಳನ್ನು ಲೆಕ್ಕ ಹಾಕುತ್ತದೆ. ಸಂರಂಭ, ಸಮಾರಂಭ, ಆರಂಭ ಎಂಬ ಮೂರು; ಮನ, ವಚನ, ಕಾಯ ಎಂಬ ಮೂರು; ಕೃತ, ಕಾರಿತ, ಅನುಮತ ಎಂಬ ಮೂರು; ಕ್ರೋಧಾದಿ ಕಷಾಯಗಳು ನಾಲ್ಕು. ಗುಣಿಸಿದರೆ 108. ಜಪಮಾಲೆಯ ಮಣಿಗಳಿಗೆ ಹಿರಿಯರು ಹೇಳುವ ಕಾರಣಗಳಲ್ಲಿ ಇದೂ ಒಂದು. ಈ 108ರಲ್ಲಿ 36 ಅನುಮತಕ್ಕೆ ಸೇರಿದವು. ಅಂದರೆ ಮಾಲೆಯ ಮೂರನೆಯ ಒಂದು ಪಾಲು, ತಾನು ಮಾಡದ, ಮಾಡಿಸದ, ಕೇವಲ ‘ಚೆನ್ನಾಯಿತು’ ಎಂದ ಕಾರ್ಯಗಳ ಪಾಲು. ಚಪ್ಪಾಳೆ ತಟ್ಟಿದವನು ಪಾಲುದಾರನಲ್ಲ ಎಂದು ಯಾವ ಶಾಸ್ತ್ರವೂ ಹೇಳಿಲ್ಲ.

ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ಹತ್ತನೆಯದು ಅನುಮತಿತ್ಯಾಗ. ವ್ರತ, ಸಾಮಾಯಿಕ, ಪ್ರೋಷಧೋಪವಾಸ, ಬ್ರಹ್ಮಚರ್ಯ, ಆರಂಭತ್ಯಾಗ, ಪರಿಗ್ರಹತ್ಯಾಗ ಇವೆಲ್ಲವನ್ನೂ ದಾಟಿದ ಮೇಲೆ ಬರುವ ಮೆಟ್ಟಿಲು ಅದು. ಆಸ್ತಿಯನ್ನು ಬಿಟ್ಟವನು ಕೂಡ, ಮನೆಯವರ ಲೌಕಿಕ ವ್ಯವಹಾರಗಳಿಗೆ ‘ಒಳ್ಳೆಯದು’ ಎಂದು ತಲೆಯಾಡಿಸುವುದನ್ನು ಅನಂತರವೇ ಬಿಡಬಲ್ಲನೆಂದು ಆಚಾರ್ಯರು ಕಂಡಿದ್ದರು. ಹಣವನ್ನು ಬಿಡುವುದಕ್ಕಿಂತ ಒಪ್ಪಿಗೆಯನ್ನು ಬಿಡುವುದು ಕಠಿಣ. ಇಂದು ಆ ಒಪ್ಪಿಗೆಯೇ ಧ್ವನಿವರ್ಧಕದ ಮೂಲಕ ಗಂಟೆಗೆ ಇಪ್ಪತ್ತರಂತೆ ಹೊರಬೀಳುತ್ತಿದೆ.

ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಸಮ್ಯಗ್ದರ್ಶನದ ಅತಿಚಾರಗಳನ್ನು ವಿವರಿಸುವಾಗ ಪ್ರಶಂಸೆ ಮತ್ತು ಸಂಸ್ತವಗಳಿಗೆ ಇರುವ ಅಂತರವನ್ನು ತೋರಿಸಿದ್ದಾರೆ. ಮನಸ್ಸಿನಲ್ಲಿ ಗುಣವನ್ನು ಎತ್ತಿ ಹಿಡಿಯುವುದು ಪ್ರಶಂಸೆ. ಇರುವ ಇಲ್ಲದ ಗುಣಗಳನ್ನು ಮಾತಿನಲ್ಲಿ ಹೊರಪಡಿಸುವುದು ಸಂಸ್ತವ. ಪ್ರಕರಣವು ಮಿಥ್ಯಾದೃಷ್ಟಿಗಳನ್ನು ಹೊಗಳುವ ವಿಷಯಕ್ಕೆ ಸಂಬಂಧಿಸಿದುದಾದರೂ, ಆ ವಿವೇಚನೆ ಮಾತ್ರ ಎಲ್ಲ ಕಡೆಗೂ ಸಲ್ಲುವಂಥದು. ಹೊಗಳಿಕೆ ಬಾಯಿಗೆ ಬಂದ ಕ್ಷಣದಲ್ಲಿ ಇಲ್ಲದ ಗುಣಗಳು ಇರುವ ಗುಣಗಳ ಜೊತೆ ಸಾಲಿನಲ್ಲಿ ನಿಂತುಬಿಡುತ್ತವೆಂಬುದನ್ನು ಆ ಮಹನೀಯರು ಎಷ್ಟು ಸೂಕ್ಷ್ಮವಾಗಿ ಗ್ರಹಿಸಿದ್ದರು! ಅಭಿನಂದನ ಪತ್ರಗಳನ್ನು ಬರೆದ ಅನುಭವವುಳ್ಳವರು ಯಾರೂ ಇದನ್ನು ಅಲ್ಲಗಳೆಯಲಾರರು. ಮೊದಲ ಎರಡು ಸಾಲು ಸತ್ಯವಿರುತ್ತದೆ. ಮೂರನೆಯ ಸಾಲಿನಲ್ಲಿ ಕರ್ಣ ಬರುತ್ತಾನೆ, ನಾಲ್ಕನೆಯದರಲ್ಲಿ ಕಲ್ಪವೃಕ್ಷ. ಸತ್ಯಾಣುವ್ರತವು ನಿಂದೆಗೆ ಮಾತ್ರ ಅನ್ವಯಿಸುತ್ತದೆ, ಹೊಗಳಿಕೆಗೆ ರಿಯಾಯಿತಿಯಿದೆ ಎಂದು ಯಾವಾಗ ತೀರ್ಮಾನವಾಯಿತೋ ತಿಳಿಯದು.

ಹೊಗಳಿಸಿಕೊಳ್ಳುವವರ ಕಡೆಯಿಂದ ನೋಡಿದರೆ ವಿಷಯ ಇನ್ನೂ ಗಂಭೀರ. ಮುನಿಗಳು ಸಹಿಸಬೇಕಾದ ಇಪ್ಪತ್ತೆರಡು ಪರೀಷಹಗಳ ಪಟ್ಟಿಯಲ್ಲಿ ಹಸಿವು, ಬಾಯಾರಿಕೆ, ಚಳಿ, ಸೆಕೆ, ಸೊಳ್ಳೆಯ ಕಡಿತ, ರೋಗ ಇವುಗಳ ಜೊತೆಗೆ ಹತ್ತೊಂಬತ್ತನೆಯದಾಗಿ ‘ಸತ್ಕಾರ-ಪುರಸ್ಕಾರ’ ನಿಂತಿದೆ. ಸನ್ಮಾನ ದೊರೆಯದಿದ್ದರೆ ಕುಗ್ಗದಿರುವುದು, ದೊರೆತರೆ ಉಬ್ಬದಿರುವುದು. ಹಾರ ಶಾಲುಗಳನ್ನು ಸೊಳ್ಳೆಯ ಕಡಿತದೊಂದಿಗೆ ಎಣಿಸಿದ ಪರಂಪರೆ ಇದು! ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಹೆಸರಿಸುವ ಎಂಟು ಮದಗಳಲ್ಲಿ ಪೂಜಾಮದವೂ ಇದೆ, ತಪೋಮದವೂ ಇದೆ. ಪೂಜಾಮದವೆಂದರೆ ತನಗೆ ದೊರೆಯುವ ಗೌರವದಿಂದ ಏರುವ ಮದ. ಉಪವಾಸ ಮಾಡಿದ ಬಾಲಕನ ಭಾವಚಿತ್ರವನ್ನು ಆಳೆತ್ತರದ ಫ್ಲೆಕ್ಸಿನಲ್ಲಿ ಬಸದಿಯ ದ್ವಾರದ ಬಳಿ ನಿಲ್ಲಿಸಿ, ಮೇಲೆ ‘ಕುಡೋಸ್’ ಎಂದು ಬರೆಯಿಸುವ ತಂದೆತಾಯಿಗಳು ಈ ಎರಡು ಮದಗಳನ್ನೂ ಒಂದೇ ಲೋಟದಲ್ಲಿ ಬೆರೆಸಿ ಆ ಮಗುವಿಗೆ ಪಾರಣೆಯ ದಿನ ಕುಡಿಸುತ್ತಿದ್ದಾರೆ. ಮಗುವು ಮುಂದಿನ ವರ್ಷ ಇನ್ನೆರಡು ದಿನ ಹೆಚ್ಚು ಉಪವಾಸ ಮಾಡಲು ಹಟ ಹಿಡಿದರೆ, ಅದು ವೈರಾಗ್ಯದಿಂದಲೋ ಫ್ಲೆಕ್ಸಿನಿಂದಲೋ ಎಂದು ಕೇಳುವ ಧೈರ್ಯ ಆ ಮನೆಯಲ್ಲಿ ಯಾರಿಗುಂಟು? ದೇಹಶಕ್ತಿಯನ್ನು ಮೀರಿ ತಪಸ್ಸು ಮಾಡಬೇಕೆಂದು ಆಗಮ ಎಲ್ಲಿಯೂ ವಿಧಿಸಿಲ್ಲ. ಶಕ್ತಿಗೆ ತಕ್ಕಷ್ಟು ತ್ಯಾಗ, ಶಕ್ತಿಗೆ ತಕ್ಕಷ್ಟು ತಪ ಎಂಬುದು ಷೋಡಶಕಾರಣ ಭಾವನೆಗಳಲ್ಲಿಯೇ ಸೇರಿದೆ. ಬೆಳೆಯುವ ಮಗುವಿನ ಹೊಟ್ಟೆಯನ್ನು ಪಣಕ್ಕಿಟ್ಟು ದೊಡ್ಡವರು ಕೀರ್ತಿ ಗಳಿಸುವುದಾದರೆ, ಆ ಕೀರ್ತಿ ಹೋಮರನ ಕೂದೊಸ್‌ಗಿಂತ ಹೆಚ್ಚು ಅಹಿಂಸಾತ್ಮಕವೇನಲ್ಲ.

ದಾನದ ಪ್ರಸಂಗದಲ್ಲಿ ಇನ್ನೊಂದು ಬಗೆಯ ಕೇಡಿದೆ. ಪಂಚಕಲ್ಯಾಣದ ಕಲಶಗಳನ್ನು ಸವಾಲಿನಲ್ಲಿ ಕೂಗುವಾಗ ಮೊತ್ತವು ಏರಿದಂತೆ ಬಿರುದೂ ಏರುತ್ತದೆ. ಆ ಹಣ ಬಂದ ದಾರಿಯನ್ನು ಯಾರೂ ಕೇಳುವುದಿಲ್ಲ, ಕೇಳುವುದು ಸಭ್ಯತೆಯಲ್ಲವೆಂದೂ ತಿಳಿಯಲಾಗಿದೆ. ಇರಲಿ, ಕೇಳದೆ ಹಣ ಪಡೆಯುವುದು ಒಂದು ಮಾತು. ಕೇಳದೆ ಆ ವ್ಯಕ್ತಿಯನ್ನು ‘ಧರ್ಮರತ್ನ’ನೆಂದು ಸಾರುವುದು ಬೇರೆಯೇ ಮಾತು. ಕೊಟ್ಟ ಹಣಕ್ಕೆ ರಸೀದಿ ಸಾಕು. ಬಿರುದು ಬದುಕಿಗೆ ಕೊಡುವ ಪ್ರಮಾಣಪತ್ರ. ಆ ದಾನಿಯ ಅಂಗಡಿಯಲ್ಲಿ ಹನ್ನೆರಡು ಗಂಟೆ ದುಡಿದು, ಸಂಬಳ ಕೇಳಿದರೆ ನಾಳೆ ಬಾ ಎನ್ನಿಸಿಕೊಂಡ ಗುಮಾಸ್ತನೊಬ್ಬನು ಅದೇ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತಿರಬಹುದು. ಅವನ ಮಟ್ಟಿಗೆ ಧ್ವನಿವರ್ಧಕದಿಂದ ಕೇಳಿಬರುವುದು ಧರ್ಮದ ತೀರ್ಪು. ಧರ್ಮವು ಯಾರ ಪಕ್ಷವೆಂಬುದು ಅವನಿಗೆ ಆ ಸಂಜೆ ತಿಳಿದುಹೋಗುತ್ತದೆ. ಅವನ ಮಗನು ಮುಂದೆ ಬಸದಿಗೆ ಬರುವುದನ್ನು ಬಿಟ್ಟರೆ, ಹೊಸ ಪೀಳಿಗೆಯವರಲ್ಲಿ ಶ್ರದ್ಧೆ ಕುಂದಿತೆಂದು ಮುಂದಿನ ಸಭೆಯಲ್ಲಿ ಭಾಷಣವಾಗುತ್ತದೆ.

ಇದಕ್ಕೆ ವ್ಯವಹಾರಜ್ಞರು ಕೊಡುವ ಉತ್ತರ ಎಲ್ಲರಿಗೂ ಗೊತ್ತು. ಹೊಗಳದಿದ್ದರೆ ಕೊಡುವವರಾರು? ಹೆಸರಿನ ಆಸೆಯಿಂದಲಾದರೂ ಬಸದಿಯ ಗೋಪುರ ಎದ್ದಿತಲ್ಲ? ಈ ವಾದದಲ್ಲಿ ಸ್ವಲ್ಪ ಸತ್ಯವಿದೆ; ಸೋರುವ ಮಾಡಿನ ಕೆಳಗೆ ನಿಂತು ಕಾರ್ಯದರ್ಶಿಯಾದವರಿಗೆ ಅದರ ಬಿಸಿ ಗೊತ್ತು. ಆದರೆ ಪ್ರತಿಫಲವನ್ನು ಬಯಸಿ ಧರ್ಮಕಾರ್ಯ ಮಾಡುವುದನ್ನು ಶಾಸ್ತ್ರವು ನಿದಾನವೆಂದು ಕರೆದು, ಮಾಯೆ ಮಿಥ್ಯಾತ್ವಗಳ ಸಾಲಿನಲ್ಲಿ ಶಲ್ಯವೆಂದು, ಎಂದರೆ ಒಳಗೆ ಮುರಿದುಕೊಂಡ ಮುಳ್ಳೆಂದು ಎಣಿಸಿದೆ. ಗೋಪುರ ಎದ್ದಿತು, ಕೊಟ್ಟವನ ಕಾಲಿನಲ್ಲಿ ಮುಳ್ಳು ಉಳಿಯಿತು. ಮುಳ್ಳನ್ನು ಚುಚ್ಚಿದವರು ಗೋಪುರವನ್ನು ತೋರಿಸಿ ಸಮಾಧಾನ ಹೇಳುವುದು ದಾನಿಯ ಮೇಲಿನ ಪ್ರೀತಿಯಂತೂ ಅಲ್ಲ. ಅವನ ಹಣದ ಮೇಲಿನ ಪ್ರೀತಿಯೆಂದು ಹೇಳಿದರೆ ಕೆಲವರಿಗೆ ನೋವಾದೀತು, ಆದರೂ ಅದೇ ನಿಜ.

ಇನ್ನು ಕೆಲವರು ಶಾಸ್ತ್ರವನ್ನೇ ಮುಂದೆ ಮಾಡುತ್ತಾರೆ. ಪರರ ಗುಣಗಳನ್ನು ಮುಚ್ಚಿಡುವುದು ನೀಚಗೋತ್ರದ ಬಂಧಕ್ಕೆ ಕಾರಣವೆಂದು ‘ತತ್ತ್ವಾರ್ಥಸೂತ್ರ’ವೇ ಹೇಳುತ್ತದೆ; ಹಾಗಿರುವಾಗ ಹೊಗಳಬಾರದೆನ್ನುವುದು ಹೇಗೆ? ಈ ಆಕ್ಷೇಪ ಗೌರವಾರ್ಹವಾದುದು. ಹೊಗಳಬಾರದೆಂದು ಯಾರೂ ಹೇಳುತ್ತಿಲ್ಲ. ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳಲ್ಲಿ ಪ್ರಮೋದವು ಗುಣದಲ್ಲಿ ಹೆಚ್ಚಿನವರನ್ನು ಕಂಡಾಗ ಉಕ್ಕುವ ಆನಂದ. ಅದು ಮುಖದ ಪ್ರಸನ್ನತೆಯಲ್ಲಿ ಕಾಣುತ್ತದೆ, ಮಾತಿನಲ್ಲಿಯೂ ಬರುತ್ತದೆ. ಆದರೆ ಪ್ರಮೋದಕ್ಕೆ ಮೊದಲು ಎದುರಿನವನ ಗುಣವನ್ನು ಕಾಣಬೇಕು. ಕಾಣಲು ಸ್ವಲ್ಪ ಹೊತ್ತು ನಿಲ್ಲಬೇಕು. ‘ಕುಡೋಸ್’ ಎಂಬುದು ನಿಲ್ಲದೆ ಹೋಗುವವರ ಮಾತು. ಜಾತ್ರೆಯ ದಿನ ಸಾವಿರ ಜನರ ಅಡುಗೆಯನ್ನು, ನೀರನ್ನು ಶೋಧಿಸಿ, ಕಾಳನ್ನು ಆರಿಸಿ, ಸೂರ್ಯಾಸ್ತಕ್ಕೆ ಮೊದಲು ಕೊನೆಯ ಪಂಕ್ತಿಯೂ ಏಳುವಂತೆ ಮಾಡಿ ಮುಗಿಸಿದ ಅಡುಗೆಯವರ ಹೆಸರು ಯಾವ ಸಂಚಿಕೆಯಲ್ಲಿಯೂ ಬರುವುದಿಲ್ಲ. ಭಾನುವಾರದ ಪಾಠಶಾಲೆಯಲ್ಲಿ ವರ್ಷಗಟ್ಟಲೆ ಬಾಲಬೋಧೆ ಹೇಳಿದ ಹಿರಿಯರಿಗೆ ವೇದಿಕೆಯ ಮೇಲೆ ಕುರ್ಚಿಯಿರುವುದಿಲ್ಲ. ಮುಚ್ಚಿಟ್ಟ ಗುಣಗಳು ಅವು. ಪರಗುಣಗಳನ್ನು ಮುಚ್ಚಿಡಬಾರದೆಂಬ ಸೂತ್ರವನ್ನು ನೆನಪಿಸುವವರು ಮೊದಲು ಅಡುಗೆಮನೆಯ ಕಡೆ ಹೋಗಿ, ಆ ಅಡುಗೆಯವರ ಎದುರು ನಿಂತು, ಇಂದು ನೀವು ಹೊತ್ತು ಮುಳುಗುವ ಮೊದಲು ಎಲ್ಲರಿಗೂ ಉಣಬಡಿಸಿದಿರಿ, ಯಾರ ವ್ರತಕ್ಕೂ ಭಂಗ ಬರಲಿಲ್ಲ ಎಂದು ಹೇಳಲಿ. ಆ ವಾಕ್ಯದಲ್ಲಿ ಒಂದೂ ವಿಶೇಷಣವಿಲ್ಲ. ಅದಕ್ಕಿಂತ ಮಿಗಿಲಾದ ಬಿರುದೂ ಇಲ್ಲ.

ಬಿರುದುಗಳ ಮಾತು ಬಂದಾಗ ಚಾವುಂಡರಾಯನ ಹೆಸರು ಬಾರದಿರದು. ಇಷ್ಟು ಬಿರುದುಗಳನ್ನು ಹೊತ್ತ ಶ್ರಾವಕ ಕನ್ನಡನಾಡಿನಲ್ಲಿ ಇನ್ನೊಬ್ಬನಿಲ್ಲವೆಂದು ಬಿರುದುಪ್ರಿಯರು ಅವನನ್ನೇ ಉದಾಹರಿಸುತ್ತಾರೆ. ಕ್ರಿ.ಶ. 978ರ ‘ಚಾವುಂಡರಾಯ ಪುರಾಣ’ದಲ್ಲಿ ಅವನ ಬಿರುದುಗಳ ವಿವರವಿದೆ. ಗಮನಿಸಬೇಕಾದ ಅಂಶವೆಂದರೆ, ಅಲ್ಲಿ ಬಿರುದಿನ ಜೊತೆಗೆ ಕಾರಣವೂ ಇದೆ. ಗೋನೂರಿನ ಬಯಲಿನ ಯುದ್ಧಕ್ಕೆ ‘ವೀರಮಾರ್ತಾಂಡ’, ಉಚ್ಚಂಗಿಯ ಕೋಟೆಯ ಯುದ್ಧಕ್ಕೆ ‘ರಣರಂಗಸಿಂಗ’, ಹೀಗೆ ಊರಿನ ಹೆಸರು, ಎದುರಾಳಿಯ ಹೆಸರು ಸಮೇತ. ಇವು ಹೋಮರನ ಕೂದೊಸ್‌ನ ಸೋದರರೇ ಸರಿ, ರಕ್ತದ ವಾಸನೆಯುಳ್ಳವು. ಇವುಗಳಿಂದ ಬೇರೆಯಾಗಿ ನಿಲ್ಲುವ ಬಿರುದು ‘ಸತ್ಯಯುಧಿಷ್ಠಿರ’. ಅದಕ್ಕೆ ಯಾವ ಕೋಟೆಯೂ ಬೀಳಬೇಕಾಗಲಿಲ್ಲ. ತಮಾಷೆಗೂ ಸುಳ್ಳಾಡದವನೆಂಬುದು ಅದರ ಕಾರಣ. ಈಗ ವೇದಿಕೆಯ ಮೇಲೆ ಹಂಚುವ ಬಿರುದುಗಳಲ್ಲಿ ಎಷ್ಟಕ್ಕೆ ಹೀಗೆ ಒಂದು ಸಾಲಿನ ಕಾರಣ ಬರೆಯಬಹುದು? ಬರೆಯಬೇಕೆಂದು ಒಂದು ವರ್ಷ ನಿಯಮ ಮಾಡಿದರೂ ಸಾಕು, ಅರ್ಧಕ್ಕರ್ಧ ಬಿರುದುಗಳು ತಾವಾಗಿಯೇ ಉದುರಿಹೋದಾವು.

ಅತ್ತಿಮಬ್ಬೆಯ ‘ದಾನಚಿಂತಾಮಣಿ’ಯೂ ಅಂಥದೇ. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬ ಕಾರ್ಯವನ್ನು ಬಿರುದಿನ ಪಕ್ಕದಲ್ಲಿಯೇ ಇಡಬಹುದು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಸಾವಿರ ಓಲೆಗಟ್ಟು ಎಂದರೆ ಎಷ್ಟು ಕೈಗಳ ಎಷ್ಟು ವರ್ಷಗಳ ದುಡಿಮೆ!

ಇಷ್ಟು ಬಿರುದುಗಳ ಒಡೆಯನಾದ ಅದೇ ಚಾವುಂಡರಾಯನು ಕ್ರಿ.ಶ. 981ರ ಸುಮಾರಿಗೆ ವಿಂಧ್ಯಗಿರಿಯ ಮೇಲೆ 58 ಅಡಿಯ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ. ಮೂರ್ತಿಯ ಪಾದದ ಬಳಿ, ಎರಡು ಬದಿಗಳಲ್ಲಿ, ಅವನ ಹೆಸರು ಕೆತ್ತಲ್ಪಟ್ಟಿದೆ. ಚಾವುಂಡರಾಜನು ಮಾಡಿಸಿದನು ಎಂಬಷ್ಟೇ ಅದರ ತಾತ್ಪರ್ಯ. ವೀರಮಾರ್ತಾಂಡನಿಲ್ಲ, ರಣರಂಗಸಿಂಗನಿಲ್ಲ, ಸತ್ಯಯುಧಿಷ್ಠಿರನೂ ಇಲ್ಲ. ಬೆಟ್ಟದಷ್ಟು ಕಲ್ಲು ಕೈಯಲ್ಲಿದ್ದರೂ ಒಂದು ಬಿರುದಿಗೆ ಅಲ್ಲಿ ಜಾಗ ಮಾಡಲಿಲ್ಲ. ಇಷ್ಟಾದರೂ ಅವನ ಮನಸ್ಸಿನಲ್ಲಿ ಗರ್ವ ಇಣುಕಿತೆಂದೂ, ಕೊಡಗಟ್ಟಲೆ ಹಾಲು ಎರೆದರೂ ಅಭಿಷೇಕ ಪೂರ್ಣವಾಗದೆ, ಮುದುಕಿಯೊಬ್ಬಳು ಗುಳ್ಳೆಕಾಯಿಯ ಚಿಪ್ಪಿನಲ್ಲಿ ತಂದ ಹಾಲು ಮೂರ್ತಿಯ ಅಡಿಯವರೆಗೆ ಇಳಿಯಿತೆಂದೂ ಐತಿಹ್ಯ ಹೇಳುತ್ತದೆ. ಆ ಅಜ್ಜಿಗೆ ಸಭೆಯಲ್ಲಿ ಯಾರಾದರೂ ‘ಕುಡೋಸ್’ ಎಂದಿದ್ದರೆ ಅವಳು ಏನೆಂದು ಕೇಳುತ್ತಿದ್ದಳೋ!

ಅದೇ ಬೆಟ್ಟದ ಮೇಲೆ ತ್ಯಾಗದ ಬ್ರಹ್ಮದೇವರ ಕಂಬವಿದೆ. ಅದರ ಬುಡದ ನಾಲ್ಕು ಮುಖಗಳಲ್ಲಿ ಚಾವುಂಡರಾಯನ ವಂಶವನ್ನೂ ಪರಾಕ್ರಮಗಳನ್ನೂ ಹೊಗಳುವ ದೀರ್ಘ ಶಾಸನವಿತ್ತು. ಸುಮಾರು ಇನ್ನೂರು ವರ್ಷಗಳ ಬಳಿಕ ಹೆಗ್ಗಡೆ ಕಣ್ಣ ಎಂಬಾತನು ಕಂಬಕ್ಕೆ ಯಕ್ಷಮೂರ್ತಿಯನ್ನು ಮಾಡಿಸಿದ. ತಾನು ಮಾಡಿಸಿದ ಸಂಗತಿಯನ್ನು ಬರೆಯಿಸಲು ಸ್ಥಳ ಬೇಕಾಯಿತು. ಹಳೆಯ ಶಾಸನದ ಮೂರು ಮುಖಗಳನ್ನು ಉಜ್ಜಿ ಅಳಿಸಿದರು. ಹಾಗೆ ಅಳಿಸಿದ ಮೇಲೆ ಕಣ್ಣನ ವಿಷಯವಾಗಿ ಅಲ್ಲಿ ಕೆತ್ತಿದುದು ಎರಡೂವರೆ ಸಾಲು. ಚಾವುಂಡರಾಯನ ಹೊಗಳಿಕೆ ಈಗ ಉತ್ತರದ ಮುಖದಲ್ಲಿ ಮಾತ್ರ ಉಳಿದಿದೆ, ಅದೂ ಅರ್ಧಕ್ಕೆ ನಿಂತಿದೆ.